ನಲವತ್ತಾರು ಪಾಯಿಂಟ್ ನಾಲ್ಕು

ಬೀದಿಯವರೆಲ್ಲ ಅವನನ್ನು ಪಾಯಿಂಟಪ್ಪ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಹವಾಮಾನ ಕೇಂದ್ರದಲ್ಲಿ ಉಷ್ಣಾಂಶ ಓದಿ ಬರೆದ ಮನುಷ್ಯ. ಕಾಫಿಗೆ ಸಕ್ಕರೆ ಎಷ್ಟು ಎಂದರೂ ‘ಒಂದು ಪಾಯಿಂಟ್ ಐದು ಚಮಚ’ ಎನ್ನುವವನು. ನಗುವವರು ನಗಲಿ. ಅಷ್ಟು ಕಟ್ಟುನಿಟ್ಟಿನವನ ಕೈಯಿಂದಲೇ ಒಂದು ಸುಳ್ಳು ಅಂಕಿ ಹೊರಬಿತ್ತು ಎಂದರೆ ಆ ಬೀದಿಯಲ್ಲಿ ಯಾರೂ ನಂಬುವುದಿಲ್ಲ.

ಕೆಲಸ ನೋಡಲು ಸುಲಭ. ಬೆಳಿಗ್ಗೆ ಎಂಟೂವರೆಗೆ ಅಂಗಳದ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆಯಬೇಕು. ಹಿಂದಿನ ದಿನ ಬಿಸಿಲು ಎಲ್ಲಿಯವರೆಗೆ ಏರಿತ್ತೋ ಒಳಗಿನ ಉಷ್ಣಮಾಪಕದಲ್ಲಿ ಪಾದರಸ ಅಲ್ಲೇ ನಿಂತಿರುತ್ತದೆ. ಅದನ್ನು ಓದಿ, ಬರೆದು, ಜ್ವರದ ಕಡ್ಡಿಯ ಹಾಗೆ ಜಾಡಿಸಿ ಕೆಳಗಿಳಿಸಬೇಕು. ಜಾಡಿಸಲು ಮರೆತರೆ, ಮರುದಿನ ಬಿಸಿಲು ಕಡಿಮೆಯಿದ್ದರೂ ಹಳೆಯ ಅಂಕಿಯೇ ಕಾಣುತ್ತದೆ. ಹೊಸಬರು ಎಡವುವುದು ಇಲ್ಲೇ.

ಹನ್ನೊಂದು ವರ್ಷದ ಹಿಂದೆ, ಬೇಸಿಗೆಯ ಒಂದು ಬೆಳಿಗ್ಗೆ, ನಲವತ್ತಾರು ಪಾಯಿಂಟ್ ನಾಲ್ಕು ಕಂಡಿತು. ಆ ಕೇಂದ್ರದಲ್ಲಿ ಅದುವರೆಗೆ ಯಾರೂ ಕಾಣದ ಅಂಕಿ. ಬರೆದ. ಮರುದಿನ ನೋಡಿದರೆ ಮತ್ತೆ ಅದೇ ಅಂಕಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎರಡು ದಿನ ಇಂಥ ಬಿಸಿಲೇ? ಸಾಧ್ಯವೇ ಇಲ್ಲ, ನಿನ್ನೆ ಜಾಡಿಸುವುದನ್ನು ಮರೆತಿದ್ದೇನೆ ಎಂದುಕೊಂಡ. ಮರೆತೆ ಎಂದು ಬರೆಯಲು ನಾಚಿಕೆ. ಅಂದಾಜಿನ ಮೇಲೆ ನಲವತ್ತಮೂರು ಎಂದು ಬರೆದು ಕಳಿಸಿದ. ಒಂದು ಊರಿನಲ್ಲಿ ಸತತ ಎರಡು ದಿನ ನಲವತ್ತೈದು ದಾಟಿದರೆ ಮಾತ್ರ ಮೇಲಿನ ಕಚೇರಿ ಆ ಊರಿಗೆ ಎಚ್ಚರಿಕೆ ಕೊಡುತ್ತಿತ್ತು. ಅಂದು ಕೊಡಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನು ಬಂತು. ತಗಡಿನ ಮಾಡಿನ ಕೆಳಗೆ ಇದ್ದಿಲ ಇಸ್ತ್ರಿಪೆಟ್ಟಿಗೆ ಹಿಡಿದು ನಾಲ್ಕು ಬೀದಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವಳು ಅವಳು.

“ತಲೆ ಸುತ್ತುತ್ತೆ ಕಣೋ. ಇವತ್ತು ಅಂಗಡಿ ತೆಗೀಲೋ ಬೇಡ್ವೋ?”

“ಬಿಸಿಲು ಇಳಿದಿದೆ ಅಕ್ಕ, ತೆಗಿ.”

ಮಧ್ಯಾಹ್ನ ಮೂರಕ್ಕೆ ಅವಳು ಇಸ್ತ್ರಿ ಮೇಜಿನ ಪಕ್ಕ ಕುಸಿದಳು, ಮತ್ತೆ ಏಳಲಿಲ್ಲ. ಪತ್ರಿಕೆಯಲ್ಲಿ ಪಕ್ಕದ ಊರುಗಳ ಅಂಕಿ ನೋಡಿದ ಮೇಲೆ, ತಾನು ಜಾಡಿಸಿಯೇ ಇದ್ದೆ, ಎರಡನೆಯ ದಿನದ ಅಂಕಿಯೂ ನಿಜವೇ ಎಂಬುದು ತಮ್ಮನಿಗೆ ಖಚಿತವಾಯಿತು.

ಅಕ್ಕನ ಮಗಳಿಗೆ ಆಗ ಒಂಬತ್ತು. ಅವಳನ್ನು ಅವನೇ ಸಾಕಿದ. ‘ಅಮ್ಮ ಯಾಕೆ ಹೋದ್ಲು ಮಾವ?’ ಎಂದು ಕೇಳಿದಾಗ ‘ಬೇಡ ಅಂದೆ, ಕೇಳಲಿಲ್ಲ’ ಎಂದುಬಿಟ್ಟ. ಹುಡುಗಿ ಅದನ್ನೇ ನಂಬಿ ಬೆಳೆದಳು. ತಾಯಿಯ ಮಾತು ಬಂದರೆ ಸಾಕು, ‘ನನಗಿಂತ ನಾಲ್ಕು ಅಂಗಿ ಹೆಚ್ಚಾದ್ವು ಅವಳಿಗೆ’ ಎನ್ನುತ್ತಿದ್ದಳು. ಕೇಳಿದಾಗಲೆಲ್ಲ ಪಾಯಿಂಟಪ್ಪ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದ. ನಿವೃತ್ತನಾದ ಮೇಲೂ ಎಂಟೂವರೆಯಾಯಿತೆಂದರೆ ‘ತೆಗೀಲೋ ಬೇಡ್ವೋ’ ಎಂಬ ದನಿ ಕಿವಿಯಲ್ಲಿ ಏಳುತ್ತಿತ್ತು. ಅಡುಗೆಮನೆಯಲ್ಲಿ ನಿಂತವನ ಬಲಗೈ ತನ್ನಷ್ಟಕ್ಕೆ ತಾನೇ ಬರಿಗಾಳಿಯನ್ನು ಜಾಡಿಸುತ್ತಿತ್ತು.

ಕಳೆದ ತಿಂಗಳು ಒಬ್ಬ ಸಂಶೋಧಕಿ ಮನೆಗೆ ಬಂದಳು. ಭೂಮಿ ಎಷ್ಟು ಕಾದಿದೆ ಎಂದು ತಿಳಿಯಲು ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಾಳಂತೆ.

“ಸರ್, ಹನ್ನೊಂದು ವರ್ಷದ ಹಿಂದಿನ ಈ ದಿನ ನೋಡಿ, ಸುತ್ತಲಿನ ಐದೂ ಕೇಂದ್ರಗಳಲ್ಲಿ ನಲವತ್ತಾರರ ಮೇಲಿದೆ. ನಿಮ್ಮಲ್ಲಿ ಮಾತ್ರ ನಲವತ್ಮೂರು. ಉಪಕರಣ ಕೆಟ್ಟಿತ್ತು ಅಂತ ಬರ್ಕೊಳ್ಲಾ?”

ಹ್ಞೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕನ ಮಗಳು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಈಗ ನುಂಗಿಕೊಂಡರೆ ಈ ಮಾತು ತನ್ನ ಜೊತೆಗೇ ಮಣ್ಣಾಗುತ್ತದೆ ಎಂದು ಅವನಿಗೆ ಭಯವಾಯಿತು.

“ಉಪಕರಣ ಸರಿಯಾಗೇ ಇತ್ತು. ನಲವತ್ತಾರು ಪಾಯಿಂಟ್ ನಾಲ್ಕು ತೋರಿಸ್ತಿತ್ತು. ನಾನು ನಂಬದೆ ನಲವತ್ಮೂರು ಅಂತ ಬರೆದೆ,” ಎಂದ. ಆಮೇಲೆ ಹುಡುಗಿಯ ಕಡೆ ತಿರುಗಿದ. “ನಿಮ್ಮಮ್ಮಂಗೂ ಅದನ್ನೇ ಹೇಳ್ದೆ. ಬೇಡ ಅನ್ನಲಿಲ್ಲ ಪುಟ್ಟಿ. ತೆಗಿ ಅಂದೆ.”

ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು.

“ಅಂದ್ರೆ ಅಮ್ಮ ಕೇಳಿದ್ಲು.”

“ಕೇಳಿದ್ಲು.”

“ಬೇಡ ಅಂದಿದ್ರೆ ಮನೇಲೇ ಇರ್ತಿದ್ಲು.”

“ಇರ್ತಿದ್ಲು.”

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ತಾಯಿಗಾಗಿ ಅತ್ತಳು. ಪಾಯಿಂಟಪ್ಪ ಎದ್ದು ಹೋಗಿ ತಲೆ ಸವರಲು ಕೈ ಚಾಚಿದ.

“ಮುಟ್ಬೇಡ ಮಾವ,” ಎಂದಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡು ಅಲ್ಲೇ ನಿಂತ.