ಮುಂದಿನ ತಿಂಗಳ ಬರ್ತೀನ್ರಿ

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಇಪ್ಪತ್ತು ವರ್ಷ ಔಷಧ ಕಂಪನಿಯ ಬ್ಯಾಗ್ ಹಿಡಿದು ಡಾಕ್ಟರರ ಬಾಗಿಲಲ್ಲಿ ಕಾದವರು. ಡಾಕ್ಟರರ ಎದುರಿನಿಂದ ಏಳುವಾಗ ಟೈ ಸರಿಮಾಡಿಕೊಂಡು "ಮುಂದಿನ ತಿಂಗಳ ಬರ್ತೀನ್ರಿ" ಎನ್ನುವುದು ರೂಢಿ. ಕಂಪನಿ ಕೆಲಸದಿಂದ ತೆಗೆದ ಮೇಲೆ ಹೊಸ ಕೆಲಸ ಹಿಡಿದರು. ಗುಣವಾಗದ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ಕೇಂದ್ರಕ್ಕೆ ಕಳಿಸುವಂತೆ ಅವರ ಮನೆಯವರನ್ನು ಒಪ್ಪಿಸಬೇಕಿತ್ತು. ಮೂರು ತಿಂಗಳಾದರೂ ಯಾರೂ ಒಪ್ಪಿರಲಿಲ್ಲ.

ಒಮ್ಮೆ ಅವರೊಂದಿಗೆ ಕಮಲಾಪುರಕ್ಕೆ ಹೋಗಿದ್ದೆ. ಕ್ಯಾನ್ಸರಿನಿಂದ ನರಳುತ್ತಿದ್ದ ಮುದುಕಿಯನ್ನು ಕಳಿಸಲು ಮಗಳು ಸಿದ್ಧಳಿರಲಿಲ್ಲ.

"ಅವ್ವನ್ನ ಹೊರಗ ಹಾಕ್ಯಾಳ ಅಂತಾರ್ರಿ ಮಂದಿ."

ಒಂದು ತಾಸು ಮಾತಾಡಿ ದಣಿದು ಎದ್ದರು. ಕೈ ಟೈ ಮುಟ್ಟಿತು. "ಮುಂದಿನ ತಿಂಗಳ ಬರ್ತೀನ್ರಿ."

ಮಗಳು ಮುಖ ತಿರುಗಿಸಿದಳು. ಮುದುಕಿ ಮಾತ್ರ ಹಾಸಿಗೆಯಲ್ಲೇ ನಕ್ಕಳು. "ಯಾರನ್ನ ನೋಡಾಕ ಬರ್ತಿಯೋ ತಮ್ಮಾ? ನಾ ಇರಬೇಕಲ್ಲ!"

ಅವರು ಮತ್ತೆ ಹಾಸಿಗೆಯ ಪಕ್ಕ ಕುಳಿತರು. "ತಪ್ಪಾತು ಯವ್ವಾ."

"ಇರ್ಲಿ. ಅಲ್ಲಿ ನೋವು ಕಡಿಮಿ ಆಗ್ತದ ಅಂದ್ಯಲ್ಲ, ಖರೇನ?"

"ಖರೇ ಅದ."

"ಹಂಗಾದ್ರ ಇವತ್ತೇ ಕರ್ಕೊಂಡು ನಡಿ." ಮಗಳ ಕಡೆ ತಿರುಗಿ, "ಮಂದಿ ಕೇಳಿದ್ರ, ಅವ್ವ ತಾನೇ ಹೋಗ್ಯಾಳ ಅನ್ನು," ಎಂದಳು.

ಆಮೇಲೆ ಯಾವ ರೋಗಿಯ ಮನೆಯಿಂದ ಹೊರಡುವಾಗಲೂ ಅವರು "ನಾಳಿ ಬರ್ತೀನ್ರಿ" ಎನ್ನುತ್ತಿದ್ದರು. ಮನೆಯವರು ಒಪ್ಪಲಿ ಬಿಡಲಿ, ಮರುದಿನ ಅದೇ ಬ್ಯಾಗ್ ಹಿಡಿದು ಬಸ್ ಹತ್ತುತ್ತಿದ್ದರು.