ಮಾವ ಮೊಣಕಾಲಿಗೆ ಹಚ್ಚಿ ಆರಿಸಿದ ಸ್ಟಿಕ್

ಬಾಳೆಹೊಸೂರಾಗ ಯಾರ ಮನಿ ಗುದ್ದಲಿ ಕಾವು ಮುರದ್ರೂ ನಮ್ಮ ಮಾವನ್ನ ಕರಕೊಂಡು ಲಕ್ಷ್ಮೇಶ್ವರ ಸಂತಿಗೆ ಹೋಗತಾರ. ಮಾವ ಅಂದ್ರ ನಮ್ಮವ್ವನ ಅಣ್ಣ. ಅವಗ ಹೊಲ ಐತಿ, ಎತ್ತು ಅದಾವ, ಆದ್ರ ಊರಾಗ ಹೆಸರು ಬಂದಿದ್ದು ಕಾವು ಆರಿಸೂದರಿಂದ. ಸಂತ್ಯಾಗ ಕಾವಿನ ರಾಶಿ ಮುಂದ ಮಾವ ಬಂದು ನಿಂತಾ ಅಂದ್ರ ಮಾರಾವ ಮಾರಿ ಸಣ್ಣ ಮಾಡತಾನ. ಮಾವ ಪೈಲೇ ಕಾವನ್ನ ನೆಲಕ್ಕ ಕುಟ್ಟಿ ಸಪ್ಪಳ ಕೇಳತಾನ. ಆಮ್ಯಾಲೆ ಒಂದು ಕಣ್ಣು ಮುಚ್ಚಿ, ಬಂದೂಕ ಹಿಡದಂಗ ಹಿಡದು, ಸೊಟ್ಟ ಐತೇನು ನೋಡತಾನ. ಕಡೀಕ ಮೊಣಕಾಲಿಗೆ ಹಚ್ಚಿ ಎರಡೂ ಕೈಲೆ ಜಗ್ಗತಾನ. ಒಂಚೂರು ಬಗ್ಗಿದ್ರ ಮುಗೀತು. ತಿರುಗಿ ರಾಶಿಗೆ ಒಗದು, "ಇದು ಕಾವಲ್ಲ, ಕಬ್ಬು" ಅಂತಾನ. ಆ ಮೊಣಕಾಲಿಗೆ ಫೇಲಾದ ಕಾವನ್ನ ಬಾಳೆಹೊಸೂರಾಗ ಯಾರೂ ಮನಿಗೆ ತರೂದಿಲ್ಲ.

ಇಂಥಾ ಮಾವನ್ನ ನಾ ಹಾಕಿ ಸ್ಟಿಕ್ ಆರಿಸಾಕ ಹುಬ್ಬಳ್ಳಿಗೆ ಕರಕೊಂಡು ಹೋದೆ. ಏನಾತು ಅಂತ ಹೇಳತೇನಿ.

ನಾವು ಆಡೂದು ರೋಲರ್ ಹಾಕಿ. ಕಾಲಿಗೆ ಚಕ್ರದ ಬೂಟು, ಕೈಯಾಗ ಸ್ಟಿಕ್ಕು, ಚೆಂಡಿನ ಬದಲಿ ಒಂದು ಚಪ್ಪಟಿ ಪ್ಲಾಸ್ಟಿಕ್ ಬಿಲ್ಲಿ. ಅದಕ್ಕ ಪಕ್ ಅಂತಾರ. ನಾ ಕೆಲಸ ಮಾಡೂ ಬೆಟಗೇರಿ ಗ್ಯಾರೇಜಿಗೆ ಸ್ಕೇಟಿಂಗ್ ಕಲಸೂ ಸರ್ ಒಬ್ರು ಬೂಟಿನ ಬೇರಿಂಗ್ ತೊಳಸಾಕ ತರತಿದ್ರು. ತೊಳದ ಮ್ಯಾಲೆ ಬರೋಬ್ಬರಿ ತಿರಗತಾವೇನು ನೋಡಬೇಕಲ್ಲ, ಅದಕ್ಕ ನಾನ ಬೂಟು ಹಾಕ್ಕೊಂಡು ನೋಡತಿದ್ದೆ. ಪೈಲೇ ಗ್ಯಾರೇಜಿನ ಗ್ವಾಡಿಗೆ ಹೊಡದೆ. ಆಮ್ಯಾಲೆ ರಸ್ತೆದಾಗ ನಿಂತಿದ್ದ ಎಮ್ಮಿಗೆ ಹೊಡದೆ. ಆಮ್ಯಾಲೆ ಯಾರಿಗೂ ಹೊಡೀಲಿಲ್ಲ. ಅದನ್ನ ನೋಡಿ ಸರ್ ಸಂಜಿಕ ಆಡಾಕ ಬಾ ಅಂದ್ರು.

ಆಡೂ ಜಾಗ ಒಂದು ಹಳೇ ಹತ್ತಿ ಮಿಲ್ಲಿನ ಸಿಮೆಂಟ್ ಅಂಗಳ. ಹಗಲೊತ್ತು ಅಲ್ಲಿ ಶೇಂಗಾ ಒಣಾಕ ಹಾಕಿರತಾರ. ಸಂಜಿಕ ನಾವು ಮೊದಲು ಕಸಬರಿಗಿ ಹಿಡದು ಸಿಪ್ಪಿ ಗುಡಿಸಿ, ಆಮ್ಯಾಲೆ ಸ್ಟಿಕ್ ಹಿಡೀಬೇಕು. ಒಂದು ಸಿಪ್ಪಿ ಚಕ್ರದಾಗ ಸಿಕ್ರ ಮೂಗು ಸಿಮೆಂಟಿಗೆ. ಗೋಲ್ ಕಾಯಾವ ನನ್ನ ದೋಸ್ತ, ಟೇಶನ್ ಕಡೆ ಮಿರ್ಚಿ ಭಜಿ ಕರೀತಾನ. ಅವನ ಮೈಯ ಅರ್ಧಾ ಗೋಲು ಮುಚ್ಚತೈತಿ, ಹಿಂಗಾಗಿ ಅವಗ ಕೆಲಸ ಕಡಿಮಿ, ಮಾತು ಜಾಸ್ತಿ. ಇನ್ನೊಬ್ಬಾಕಿ ಮುಂಡರಗಿ ಹುಡುಗಿ, ಗದಗಿನಾಗ ನರ್ಸಿಂಗ್ ಓದತಾಳ. ಗದಗಿನ ಗಾಳಿ ಜೋರ ಬೀಸಿದ್ರ ಆಕಿನ್ನ ಯಾರರೆ ಹಿಡಕೊಂಡು ನಿಂದ್ರಬೇಕು, ಅಷ್ಟ ಮೈ. ಆದ್ರ ಆಕಿ ಹೊಡದ ಪಕ್ಕು ಗೋಲಿನ ಮ್ಯಾಲಿನ ಮೂಲಿಗೆ ಹೋಗಿ ಬೀಳತೈತಿ.

ನಂದು ಬೀಳತಿರಲಿಲ್ಲ. ನಾ ಸರ್ ಕೊಟ್ಟಿದ್ದ ಕಟಗಿ ಸ್ಟಿಕ್ಕಿಲೆ ಆಡತಿದ್ದೆ, ಅದೂ ಒಂದಿನ ಮುರೀತು. ಆವಾಗನ ಹುಬ್ಬಳ್ಳಿಯವರು ನಮ್ಮ ಜೋಡಿ ಮ್ಯಾಚ್ ಆಡಾಕ ಬರತಾರಂತ ಖಬರ ಬಂತು. ಅಂಗಳಕ್ಕ ಇಳಿಯಾವರು ಐದು ಮಂದಿ. ನಾಕು ಮಂದಿ ಪಕ್ಕಾ ಆಗಿದ್ರು. ಐದನೇದು ನಾನ ಆಗಬೇಕಂತ ನನಗ ಭಾಳ ಆಸೆ ಇತ್ತು, ಯಾಕಂದ್ರ ಗ್ಯಾರೇಜಿನಾಗ ಎಲ್ಲಾರಿಗೂ ಆಗಲೇ ಹೇಳಿಬಿಟ್ಟಿದ್ದೆ. ಸರ್ ಅಂದ್ರು, ಸ್ವಂತ ಸ್ಟಿಕ್ ತಗೋ, ಪಕ್ ಎತ್ತಿ ಹೊಡಿಯಾಕ ಕಲಿ, ಇಲ್ಲಾಂದ್ರ ಈ ಮುರದ ಮೊಣಕಾಲಿಲೆ ನಾನ ಆಡತೇನಿ. ತಗೊಳ್ಳುವಾಗ ಫ್ಲೆಕ್ಸ್ ನೋಡಿ ತಗೋ, ಸ್ಟಿಕ್ಕಿನ ಮೈಮ್ಯಾಲೆ ನಂಬರ್ ಬರದಿರತಾರ ಅಂತನೂ ಹೇಳಿದ್ರು. ನಂಬರ್ ದೊಡ್ಡದು ನೋಡಬೇಕೋ ಸಣ್ಣದು ನೋಡಬೇಕೋ ನಾ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಹುಬ್ಬಳ್ಳಿ ಅಂಗಡ್ಯಾಗ ಸ್ಟಿಕ್ಕು ಸಾಲಾಗಿ ನಿಂದರಿಸಿದ್ರು. ಮಾವ ಪಂಚೆ ಎತ್ತಿ ಕಟ್ಟಿ ಸುರು ಮಾಡಿದ. ಒಂದೊಂದನ್ನ ತಗೊಂಡು ಫರಸಿಗೆ ಕುಟ್ಟೂದು, ಕಣ್ಣು ಮುಚ್ಚಿ ನೋಡೂದು, ಮೊಣಕಾಲಿಗೆ ಹಚ್ಚಿ ಜಗ್ಗೂದು. ಬ್ಯಾಟು ಕೊಳ್ಳಾಕ ಬಂದಿದ್ದ ಮಂದಿ ಬ್ಯಾಟು ಬಿಟ್ಟು ಮಾವನ್ನ ನೋಡಾಕ ನಿಂತ್ರು. ಅರವತ್ತೈದು ಅಂತ ಬರದಿದ್ದು ಬಗ್ಗಿತು. ಮಾವ, "ಕಬ್ಬು" ಅಂದ. ಎಪ್ಪತ್ತೈದೂ ಕಬ್ಬು. ಎಂಬತ್ತೈದನ್ನ ಎರಡು ಸಲ ಜಗ್ಗಿ, ಅದೂ ಕಬ್ಬನ, ಆದ್ರ ಒಣಗಿದ ಕಬ್ಬು ಅಂದ. ನೂರು ಅಂತ ಬರದಿದ್ದನ್ನ ಜಗ್ಗಿದಾಗ ಮಾವನ ಕುತ್ತಿಗಿ ನರ ಎದ್ವು, ಸ್ಟಿಕ್ಕು ಮಾತ್ರ ಅಲ್ಲಾಡಲಿಲ್ಲ. ಅದನ್ನ ನನ್ನ ಕೈಗಿಟ್ಟ.

ಅಂಗಡಿಯಾವ ಪಾಪ ನಡಕ ಬಂದು, ಇವರ ಮೈಗೆ ಅದು ಭಾಳ ಬಿಗಿ ಆಗತೈತ್ರಿ, ಸ್ವಲ್ಪ ಬಗ್ಗೂದು ಇರಬೇಕ್ರಿ ಅಂದ. ಮಾವ ಅವನ ಹೆಗಲ ಮ್ಯಾಲೆ ಕೈ ಇಟ್ಟು, "ತಮ್ಮಾ, ಬಗ್ಗೂ ಕಟಗಿ ಮಾರಾವರೆಲ್ಲಾ ಇದನ್ನ ಹೇಳತಾರ" ಅಂದ. ನಾನೂ ಮಾವನ ಮಾತನ್ನ ನಂಬಿದೆ. ನೂರು ಅಂದ್ರ ಪರೀಕ್ಷಾದಾಗೂ ದೊಡ್ಡದಲ್ಲೇನು?

ತಿರುಗಿ ಬೆಟಗೇರಿಗೆ ಬಂದು ಹಿಡದು ನೋಡಿದ್ರ ಸ್ಟಿಕ್ಕು ನನ್ನ ಹಣಿ ಮಟ ಬರತಿತ್ತು. ಗದ್ದದ ಮಟ ಸಾಕು ಅಂತ ಗ್ಯಾರೇಜಿನಾಗ ಆಕ್ಸಾ ಬ್ಲೇಡಿಲೆ ಮ್ಯಾಲಿನ ತುಂಡು ಕೊಯ್ದೆ. ಕೊಯ್ದ ಕೂಡ್ಲೆ ಮಾವ ಗಾಬರಿ ಆದ. ಒಳಗ ಪೂರಾ ಪೊಳ್ಳು ಇತ್ತು. ಆ ತುಂಡಿನೊಳಗಿಂದ ಕಣ್ಣಿಟ್ಟು ರಸ್ತೆ ನೋಡಿದ, ನನ್ನ ನೋಡಿದ, ಮತ್ತ ರಸ್ತೆ ನೋಡಿದ. ಆಮ್ಯಾಲೆ, ಪೊಳ್ಳಿದ್ದೂ ಬಗ್ಗಲಿಲ್ಲ ಅಂದ್ರ ಮಾಲು ಎಷ್ಟು ಗಟ್ಟಿ ನೋಡು ಅಂತ ತನಗ ತಾನ ಸಮಾಧಾನ ಮಾಡಿಕೊಂಡ. ಯಾರ ಕಣ್ಣೂ ತಾಗಬಾರದಂತ ಸ್ಟಿಕ್ಕಿನ ಕೊಳ್ಳಿಗೆ ಒಂದು ಕರಿ ದಾರ ಕಟ್ಟಿದ. ಮ್ಯಾಚಿಗೆ ಬರತೇನಿ, ನನ್ನ ಸ್ಟಿಕ್ಕು ಹೆಂಗ ಹೊಡಿತೈತಿ ನೋಡಬೇಕು ಅಂತ ಹೇಳಿ ಊರಿನ ಬಸ್ ಹತ್ತಿದ.

ಮರುದಿನ ಸಂಜಿಕ ಆ ಸ್ಟಿಕ್ಕು ಹಿಡದು ಅಂಗಳಕ್ಕ ಇಳದೆ. ಇದ್ದ ಜೀವಾ ಹಾಕಿ ಹೊಡದೆ. ಪಕ್ಕು ನೆಲಾ ಬಿಡಲಿಲ್ಲ. ರೊಟ್ಟಿ ಹಂಚಿನ ಮ್ಯಾಲೆ ಸರದಂಗ ಸರದು ದೋಸ್ತನ ಕಾಲಾಗ ಹೋಗಿ ನಿಂತಿತು. ಅವ ಅದನ್ನ ಕೈಲೆ ಎತ್ತಿ, ಒರಸಿ, ತಿರುಗಿ ಕಳಸಿದ. ಮತ್ತ ಹೊಡದೆ. ಮತ್ತ ರೊಟ್ಟಿ. ನನ್ನ ಮಣಿಕಟ್ಟು ಮಾತ್ರ ಝುಮ್ ಅಂತಿತ್ತು. ಮುಂಡರಗಿ ಹುಡುಗಿ ನನ್ನ ಸ್ಟಿಕ್ಕು ಇಸಕೊಂಡು ಎರಡೂ ಕೈಲೆ ಒತ್ತಿ ನೋಡಿ, "ಅಣ್ಣಾರ, ಇದು ಯಾರ ಮನಿ ತೊಲಿ ಕಿತ್ತು ತಂದೀರಿ?" ಅಂದ್ಲು. ಒಂದು ವಾರ ಹಂಗ ನಡೀತು. ದೋಸ್ತ ಗೋಲಿನಾಗ ಕುಂತ ಭಜಿ ತಿನ್ನಾಕ ಸುರು ಮಾಡಿದ, ನನ್ನ ಪಾಳಿ ಬಂದಾಗ ಮಾತ್ರ.

ಸರ್ ಒಂದಿನ ನನ್ನ ಹತ್ತಿ ತೂಗೂ ಕಾಟಾದ ಮ್ಯಾಲೆ ನಿಂದರಿಸಿದ್ರು. ಐವತ್ತೆಂಟು ಕಿಲೋ. ಸ್ಟಿಕ್ಕಿನ ನಂಬರ್ ನೋಡಿದ್ರು, ಕೊಯ್ದ ತುದಿ ನೋಡಿದ್ರು, ಹಣಿ ಹಣಿ ಬಡಕೊಂಡ್ರು. ಆಮ್ಯಾಲೆ ತಿಳಿಸಿ ಹೇಳಿದ್ರು. ಫ್ಲೆಕ್ಸ್ ಅಂದ್ರ ಸ್ಟಿಕ್ಕು ಬಗ್ಗೂ ಅಳತಿ, ನಂಬರ್ ದೊಡ್ಡದಾದಷ್ಟು ಸ್ಟಿಕ್ಕು ಬಿಗಿ. ಹೊಡಿಯುವಾಗ ಮೈ ಭಾರ ಹಾಕಿ ನೆಲಕ್ಕ ಒತ್ತಿದ್ರ ಸ್ಟಿಕ್ಕು ಬಿಲ್ಲಿನಂಗ ಬಗ್ಗಬೇಕು, ಬಗ್ಗಿದ್ದು ಸೆಟದು ನೆಟ್ಟಗಾಗುವಾಗ ಪಕ್ಕನ್ನ ಒಗಿಯೂದು ಸ್ಟಿಕ್ಕ, ನೀ ಅಲ್ಲ. ನಿನ್ನ ಮೈಗೆ ಅರವತ್ತರಿಂದ ಎಪ್ಪತ್ತರೊಳಗ ಸಾಕಿತ್ತು, ನೂರನ್ನ ಬಗ್ಗಸಾಕ ಗೋಲ್ ಕಾಯಾವನಷ್ಟು ಮೈ ಬೇಕು. ಅದೂ ಅಲ್ಲದ ಉದ್ದ ಕಡಿಮಿ ಮಾಡಿದ್ರ ಸ್ಟಿಕ್ಕು ಇನ್ನೂ ಬಿಗಿ ಆಗತೈತಿ. "ಇದ್ದ ಬಿಗಿ ಸಾಲಲಿಲ್ಲ ಅಂತ ಕೊಯ್ದಿ ಏನು?" ಅಂತ ಕೇಳಿದ್ರು. ಅಂದ್ರ ಮಾವ ಕಬ್ಬು ಅಂತ ಒಗದಿದ್ದರಾಗನ ನನ್ನ ಸ್ಟಿಕ್ಕು ಇತ್ತು.

ಸರ್ ತಮ್ಮ ಮನ್ಯಾಗ ಗೂಟಕ್ಕ ನೇತ ಹಾಕಿದ್ದ ಹಳೇದೊಂದು ತಂದು ಕೊಟ್ರು. ಅರವತ್ತೈದು. ತುದಿ ಸವದು ಸುತ್ತ ಟೇಪು ಸುತ್ತಿದ್ರು, ನೋಡಾಕ ಪಟ್ಟಿ ಕಟ್ಟಿದ ಬೆರಳಿನಂಗಿತ್ತು. ಒತ್ತಿ ಹೊಡದೆ. ಪಕ್ಕು ಎದ್ದು ದೋಸ್ತನ ಕಿವಿ ಹತ್ರ ಹಾದು ಬಲಿಗೆ ಬಿತ್ತು. ದೋಸ್ತನ ಕೈಯಾಗಿನ ಭಜಿ ಬಿತ್ತು. ಆವತ್ತಿಂದ ಅವ ಎದ್ದು ನಿಂತ ಗೋಲ್ ಕಾದ. ಸರ್ ನೋಡಿ, ಆತು, ಐದನೇದು ನೀನ ಅಂದ್ರು.

ಜಾಗ ಸಿಕ್ತು. ತ್ರಾಸು ಸುರುವಾಗಿದ್ದು ಅಲ್ಲೇ. ಮಾವ ಆಗಲೇ ಬಾಳೆಹೊಸೂರ ಪೂರಾ ಹೇಳಿದ್ದ, ಅಳಿಯನ ಸ್ಟಿಕ್ಕು ನಾನ ಆರಿಸೇನಿ, ಹುಬ್ಬಳ್ಳಿ ಅಂಗಡಿಯಾವಗ ಕಟಗಿ ಅಂದ್ರ ಏನಂತ ತೋರಿಸಿ ಬಂದೇನಿ ಅಂತ. ಫೋನ್ ಮಾಡಿದಾಗೆಲ್ಲಾ ಕೇಳತಿದ್ದ, ಸ್ಟಿಕ್ಕು ಹೆಂಗೈತಿ. ನಾ ಮಸ್ತ್ ಐತಿ ಅಂತಿದ್ದೆ. ಖರೆ ಹೇಳಿದ್ರ, ಮಾವ ನೋಡಿ ಒಪ್ಪಿದ ಕನ್ಯಾನ್ನ ಬಿಟ್ಟು ಬ್ಯಾರೆಯಾಕಿನ್ನ ಮದಿವಿ ಆದಂಗ ಆಗತಿತ್ತು. ಅದಕ್ಕ ದೋಸ್ತ ಒಂದು ಉಪಾಯ ಹೇಳಿದ. ಸರ್ ಕೊಟ್ಟ ಸ್ಟಿಕ್ಕಿಗೆ ಗ್ಯಾರೇಜಿನ ಕರಿ ಬಣ್ಣ ಹೊಡದು, ಮಾವ ಕಟ್ಟಿದ ದಾರ ಬಿಚ್ಚಿ ಇದಕ್ಕ ಕಟ್ಟಿಬಿಡು. ಎರಡೂ ಕರಿ, ಎರಡೂ ಸೊಟ್ಟ ಮಾರಿವು, ಯಾರಿಗೆ ಗೊತ್ತಾಗತೈತಿ? ಹಂಗ ಮಾಡಿದೆ. ಮಾವನ ಸ್ಟಿಕ್ಕನ್ನ ಶೇಂಗಾ ಚೀಲದ ಹಿಂದ ಮುಚ್ಚಿಟ್ಟೆ.

ಮ್ಯಾಚಿನ ದಿನ ಮಾವ ಇಸ್ತ್ರಿ ಅಂಗಿ ಹಾಕ್ಕೊಂಡು, ರೊಟ್ಟಿ ಬುತ್ತಿ ಕಟಗೊಂಡು ಬಂದ. ಹುಬ್ಬಳ್ಳಿಯವರು ಆಗಲೇ ಬೂಟು ಕಟಗೋತಿದ್ರು. ಅವರ ಸ್ಟಿಕ್ಕೆಲ್ಲಾ ಒಮ್ಮೆ ನೋಡಿ ಮಾವ ನನ್ನ ಕಡೆ ಕೈ ಚಾಚಿದ. ಕೊಟ್ಟೆ. ನೆಲಕ್ಕ ಕುಟ್ಟಿದ. ಒಂದು ಕಣ್ಣು ಮುಚ್ಚಿ ನೋಡಿದ. ಮೊಣಕಾಲಿಗೆ ಹಚ್ಚೂದೊಂದು ಬಿಡಲಿ ಅಂತ ನಾ ನಿಂತಲ್ಲೇ ಬೇಡಿಕೊಂಡೆ. ಹಚ್ಚಿದ. ಸ್ಟಿಕ್ಕು ಬಗ್ಗಿತು. ಚಂದಾಗಿ, ಮೆತ್ತಗ ಬಗ್ಗಿತು. ದೋಸ್ತ ಕಾಲಿಗೆ ಪ್ಯಾಡು ಕಟ್ಟೂದು ಬಿಟ್ಟು ಮ್ಯಾಲೆ ನೋಡಿದ. ಮುಂಡರಗಿ ಹುಡುಗಿ ಬ್ಯಾರೆ ಕಡೆ ಮಾರಿ ತಿರುವಿದ್ಲು.

ಮಾವ ಸ್ಟಿಕ್ಕು ಕೆಳಗ ಇಡಲಿಲ್ಲ. ಬೆರಳಿಗೆ ಹತ್ತಿದ ಕರಿ ಬಣ್ಣ ನೋಡಿಕೊಂಡ.

"ದಾರ ನಂದು" ಅಂದ. "ಕಟಗಿ ನಂದಲ್ಲ."

"ಮಾವ, ಇದು ಬಗ್ಗಬೇಕು. ಬಗ್ಗಿದ್ರನ ಪಕ್ಕು ಹಾರತೈತಿ."

"ಅಂಗಡ್ಯಾಗ ಯಾಕ ಹೇಳಲಿಲ್ಲ?"

"ಆವಾಗ ನನಗೂ ಗೊತ್ತಿರಲಿಲ್ಲ."

"ಗೊತ್ತಾದ ಮ್ಯಾಲೆ?"

"ನಿನಗ ಹೆಂಗ ಹೇಳೂದು?"

"ಬಾಯಿಲೆ" ಅಂದ ಮಾವ. "ಬಾಯಿಲೆ ಹೇಳಬೇಕಲೇ."

ಸರ್ ನಡಕ ಬಂದು ಏನೋ ತಿಳಿಸಿ ಹೇಳಾಕ ನೋಡಿದ್ರು, ಬಿಲ್ಲು, ಮೈ ಭಾರ, ಅದು ಇದು. ಮಾವ ಅವರಿಗೆ ಕುಂಡ್ರಿ ಸರ್, ಇದು ನಮ್ಮ ಮನಿ ಮಾತು ಅಂದ. ನನ್ನ ಸ್ಟಿಕ್ಕು ಎಲ್ಲೈತಿ ಅಂತ ಕೇಳಿದ. ಚೀಲದ ಹಿಂದಿಂದ ತಂದು ಕೊಟ್ಟೆ. ಮೈಗೆಲ್ಲಾ ಶೇಂಗಾ ಹೊಟ್ಟು ಹತ್ತಿತ್ತು. ಟವೆಲ್ಲಿಲೆ ಒರಸಿದ. ನಾ ಅರವತ್ತೈದರ ಕೊಳ್ಳಿಂದ ದಾರ ಬಿಚ್ಚಿ ಕೊಡಾಕ ಹೋದೆ. ಮಾವ ನನ್ನ ಕೈ ಸರಿಸಿದ.

"ಇರಲಿ ಬಿಡು. ಆಡಾಕ ಹೊಂಟಿದ್ದು ಅದು."

ಆತು, ಆಡಿದ್ವಿ. ಮಾವ ಗ್ವಾಡಿ ಹತ್ರ ಕುಂತು, ನೂರನೇ ನಂಬರಿನ ಸ್ಟಿಕ್ಕನ್ನ ತೊಡಿ ಮ್ಯಾಲೆ ಅಡ್ಡ ಇಟಗೊಂಡು, ಪೂರಾ ಮ್ಯಾಚ್ ನೋಡಿದ. ಹುಬ್ಬಳ್ಳಿಯವರು ಜೋರಿದ್ರು, ನಾವು ಸೋತ್ವಿ. ನಾ ಒಂದ ಗೋಲು ಹೊಡದೆ. ಸ್ಟಿಕ್ಕಿನ ಮ್ಯಾಲೆ ಒರಗಿ ಒತ್ತಿದಾಗ ಅದು ಬಗ್ಗಿದ್ದು ಕೈಗೆ ತಿಳೀತು, ಪಕ್ಕು ಹೋಗಿ ಮ್ಯಾಲಿನ ಮೂಲ್ಯಾಗ ಬಿತ್ತು. ತಿರುಗಿ ಮಾವನ ಕಡೆ ನೋಡಿದ್ರ, ಅವ ತೊಡಿ ಮ್ಯಾಲಿದ್ದ ಸ್ಟಿಕ್ಕನ್ನ ಸಾವಕಾಶ ಮೊಣಕಾಲಿಗೆ ಹಚ್ಚಿ ಜಗ್ಗತಿದ್ದ. ಅದು ಆವತ್ತೂ ಬಗ್ಗಲಿಲ್ಲ.

ಮ್ಯಾಚ್ ಮುಗದ ಮ್ಯಾಲೆ ಎಲ್ಲಾರೂ ಕೂಡಿ ಮಾವನ ರೊಟ್ಟಿ ತಿಂದ್ವಿ. ಕಬ್ಬಿಲೆ ಒಂದು ಹಾರಿಸಿದೀಯಲ್ಲಲೇ ಅಂದ ಮಾವ. ಇಡೀ ದಿನದಾಗ ಅವ ನನಗ ಕೊಟ್ಟ ಶಾಬಾಸ್‌ಕಿ ಅದೊಂದ. ಸಂಜಿಕ ಬಸ್ಸಿಗೆ ಹೋಗುವಾಗ ತನ್ನ ಸ್ಟಿಕ್ಕು ತಾನ ಹೆಗಲ ಮ್ಯಾಲೆ ಇಟಗೊಂಡು ಹೋದ. ಕಂಡಕ್ಟರ್ ಇದೇನು ಅಂತ ಕೇಳಿದ್ದಕ್ಕ, ಕಾವು ಅಂತ ಹೇಳಿದ್ನಂತ.

ಆಮ್ಯಾಲೆ ನಾ ಬಾಳೆಹೊಸೂರಿಗೆ ಹೋದಾಗ ಮಾವ ನನ್ನ ಸೀದಾ ಹಿತ್ತಲಕ್ಕ ಕರಕೊಂಡು ಹೋದ. ನುಗ್ಗಿ ಗಿಡದ ಬುಡಕ್ಕ ಸ್ಟಿಕ್ಕು ನಿಂದರಿಸಿದ್ದ. ನಾ ಕೊಯ್ದ ತುದಿಯ ಪೊಳ್ಳಿನ್ಯಾಗ ಒಂದು ಬಿದಿರು ತುರುಕಿ ಉದ್ದ ಮಾಡಿದ್ದ. ಪಕ್ಕು ಹೊಡಿಯೂ ಸೊಟ್ಟ ತುದಿಯನ್ನ ಟೊಂಗಿಗೆ ಸಿಗಿಸಿ ಜಗ್ಗಿದ. ಟೊಂಗಿ ಬಗ್ಗಿತು, ಸ್ಟಿಕ್ಕು ಬಗ್ಗಲಿಲ್ಲ. ಕಾಯಿ ದಬದಬ ಬಿದ್ವು. ನೀನೂ ಜಗ್ಗು ಅಂತ ನನ್ನ ಕೈಗೆ ಕೊಟ್ಟ. ಜಗ್ಗಿದೆ. ಖರೇನ ಭಾರಿ ಹತಾರ.

"ಹೇಳು ಈಗ" ಅಂದ ಮಾವ. "ಆರಿಸಿದ್ದು ತಪ್ಪಾತೇನು?"

"ಇಲ್ಲ ಮಾವ."

"ನೀ ಕೆಲಸಕ್ಕ ಹಚ್ಚಿದ್ದು ತಪ್ಪಾತು."

ಈಗ ಓಣ್ಯಾಗಿನ ಮಂದಿಗೂ ಅಂಥಾದ್ದು ಬೇಕಾಗೇತಿ. ಬಾಳೆಹೊಸೂರಿಂದ ನನಗ ಫೋನ್ ಬರತಾವ, ನುಗ್ಗಿಕಾಯಿ ಹರಿಯೂ ಸ್ಟಿಕ್ಕು ಹುಬ್ಬಳ್ಳ್ಯಾಗ ಕೊಡಸು ಅಂತ. ಮಾವ ತಾನೂ ಬರತೇನಿ ಅಂದಾನ, ತಾ ಇಲ್ಲದ ಆರಿಸಿದ್ರ ಅಂಗಡಿಯಾವ ಕಬ್ಬು ಕಟ್ಟತಾನಂತ. ನಾನೂ ಅಲ್ಲಿಂದ ನನಗೊಂದು ಅರವತ್ತೈದು ತರಬೇಕು, ಸರ್ ಕೊಟ್ಟಿದ್ದಕ್ಕ ಟೇಪು ಸುತ್ತಾಕ ಜಾಗ ಉಳದಿಲ್ಲ. ಅದನ್ನೂ ತಾನ ಆರಿಸತೇನಿ ಅಂದಾನ ಮಾವ. ಮೊಣಕಾಲಿಗೆ ಹಚ್ಚಿ ಯಾವುದು ಚಂದ ಬಗ್ಗತೈತಿ ನೋಡತಾನಂತ.