ಮಾರ್ಕೆಟ್ ಬಂದ್ ಇದ್ದ ವಾರ

ಬ್ಯಾಡಗಿಯಲ್ಲಿ ಅಳುವುದಕ್ಕೂ ಒಂದು ಸುಗ್ಗಿ ಇದೆ. ಮೆಣಸಿನಕಾಯಿ ಮಾರ್ಕೆಟ್ ತುಂಬಿದ ದಿನಗಳಲ್ಲಿ ಘಾಟು ನಮ್ಮ ಕಾಲೇಜಿನವರೆಗೂ ಬರುತ್ತದೆ. ಎಲ್ಲರ ಕಣ್ಣಲ್ಲೂ ನೀರು, ಎಲ್ಲರ ಕೈಯಲ್ಲೂ ಕರ್ಚೀಫು. ಯಾಕೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಯಜಮಾನರು ತೀರಿಕೊಂಡ ವರ್ಷ ಆ ಘಾಟೇ ನನ್ನ ಮಾನ ಕಾಯಿತು.

ಬೆಳಿಗ್ಗೆ ಹಾವೇರಿಯ ಮನೆಗೆ ಬೀಗ ಹಾಕಿ ಬಸ್ಸು ಹತ್ತಿದರೆ ಸಂಜೆ ಅದೇ ಬೀಗವನ್ನು ನಾನೇ ತೆಗೆಯಬೇಕು. ರಾಣೆಬೆನ್ನೂರಿನ ತಂಗಿ ಫೋನ್ ಮಾಡಿದಾಗಲೆಲ್ಲ "ಧೈರ್ಯ ತಗೋ ಅಕ್ಕಾ" ಎನ್ನುತ್ತಿದ್ದಳು. ಧೈರ್ಯವೇನು ಸಂತೆಯಲ್ಲಿ ಸಿಗುವ ಸಾಮಾನೇ? ನನಗೆ ಬೇಕಾಗಿದ್ದದ್ದು ಎದುರಿಗೆ ಕೂರುವ ಒಂದು ಜೀವ.

ಇಂಥ ನಾನು ಒಂದು ಶನಿವಾರ ಪಿಯುಸಿ ಮಕ್ಕಳಿಗೆ ಇನ್ನೊಬ್ಬರ ಮನಸ್ಸು ಅರಿಯುವ ಪಾಠ ಮಾಡುತ್ತಿದ್ದೆ. ಇಬ್ಬಿಬ್ಬರು ಎದುರುಬದುರು ಕೂತು, ಮುಖ ನೋಡಿ ಮನಸ್ಸಿನಲ್ಲಿರುವುದನ್ನು ಹೇಳಬೇಕು. ದುಃಖ ಕಂಡರೆ ಬುದ್ಧಿ ಹೇಳಬಾರದು, ಕೆದಕಬಾರದು, ಸುಮ್ಮನೆ ಜೊತೆಗಿರಬೇಕು.

"ಇವನ ಮಾರಿ ಮ್ಯಾಲ ಹಸಿವಿ ಬಿಟ್ರ ಏನೂ ಕಾಣವಲ್ದರಿ ಮೇಡಂ" ಎಂದ ಒಬ್ಬ ಹುಡುಗ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನೆನಪಾಯಿತು. ನಾನು ಮನೆಯ ಮೆಟ್ಟಿಲು ಹತ್ತುವಾಗಲೇ ಮುಖ ನೋಡಿ "ಹಸದೀ ಏನ?" ಎಂದು ಕೇಳುತ್ತಿದ್ದವರು ಯಜಮಾನರೊಬ್ಬರೇ. ಕಣ್ಣು ತುಂಬಿ ಬಂತು. ಬೋರ್ಡಿನ ಕಡೆ ತಿರುಗಿ, "ಏನ್ ಘಾಟಪಾ ಇದು" ಎಂದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಗಂಟೆ ಹೊಡೆಯಿತು, ಮಕ್ಕಳು ಓಡಿದರು.

ಕದರಮಂಡಲಗಿಯಿಂದ ಬರುವ ಒಬ್ಬ ಹುಡುಗಿ ಮಾತ್ರ ಏಳಲಿಲ್ಲ. ಅವಳ ತಾಯಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಅವತ್ತು ಇವಳಿಗೆ ಜೋಡಿ ಸಿಕ್ಕಿರಲಿಲ್ಲ. ಇಡೀ ಹೊತ್ತು ನನ್ನ ಮುಖವನ್ನೇ ನೋಡುತ್ತ ಕೂತಿದ್ದಳೆಂದು ನನಗೆ ಆಗ ಹೊಳೆಯಿತು.

"ಈ ವಾರ ಮಾರ್ಕೆಟ್ ಬಂದ್ ಐತ್ರಿ ಮೇಡಂ" ಎಂದಳು ಮೆಲ್ಲಗೆ. "ನಮ್ಮವ್ವ ಮನ್ಯಾಗ ಅದಾಳ್ರಿ."

ನಾನು ಕುರ್ಚಿ ಎಳೆದು ಕೂತೆ. ಅವಳು ಎದ್ದು ಬಂದು ನನ್ನ ಎದುರಿನ ಬೆಂಚಿನಲ್ಲಿ ಕೂತಳು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಏನಾಯಿತೆಂದು ಕೇಳಲಿಲ್ಲ.

"ನಿನ್ನ ಬಸ್ ಹೋಗತೈತಿ ನೋಡವಾ" ಎಂದೆ.

"ಹೋಗ್ಲಿ ಬಿಡ್ರಿ. ಮತ್ತೊಂದು ಬರತೈತಿ."

ಆ ವರ್ಷದಲ್ಲಿ ಮೊದಲ ಸಲ, ಮೆಣಸಿನಕಾಯಿಯ ಹೆಸರು ಹೇಳದೆ, ಒಬ್ಬರ ಎದುರಿಗೆ ಕೂತು ಅತ್ತೆ.